ದೋಣಿಯ ಸ್ಟೇರಿಂಗಿಗೆ ಯಾವ ಎಣ್ಣೆ?

ಎಣ್ಣೆ ಎಂದರೆ ಎಣ್ಣೆ ತಾನೇ, ಯಾವುದಾದರೇನು ಎನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನಿವೃತ್ತಿಯಾದ ಮೇಲೆ ಸಿಟ್ಟು ಇಳಿಯುತ್ತದೆ ಎಂದು ಎಲ್ಲರೂ ಹೇಳಿದ್ದರು. ನನ್ನದು ಇಳಿದಿಲ್ಲ. ಮೊನ್ನೆ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಐಟಿಐ ಮುಗಿಸಿದ ಹುಡುಗಿಯೊಬ್ಬಳು ಸಿಕ್ಕಿ, ನೀವಿದ್ದ ವರ್ಕ್‌ಶಾಪಿಗೇ ನಾನೂ ಸೇರುತ್ತಿದ್ದೇನೆ ಎಂದಳು. ಅಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದು, ಎಂಜಿನ್ನೋ ಗೇರ್‌ಬಾಕ್ಸೋ ಎಂದು ಕೇಳಿದಳು. ದೋಣಿಯ ಸ್ಟೇರಿಂಗಿಗೆ ಎಣ್ಣೆ ಆರಿಸುವುದು ಎಂದೆ. ಅವಳು ನಕ್ಕುಬಿಟ್ಟಳು. ಪಾಪ, ತಪ್ಪಲ್ಲ, ಗೊತ್ತಿಲ್ಲದವರು ನಗುತ್ತಾರೆ. ಆದರೆ ಆ ನಗೆಗೆ ಉತ್ತರ ಕೊಡದೆ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಅಜ್ಜಂಪುರದ ಗಾಣದ ಮನೆಯ ಮಗಳು. ನಮ್ಮ ತಾತನ ಕಾಲದಲ್ಲಿ ಎತ್ತು ಕಟ್ಟಿ ಗಾಣ ಆಡಿಸುತ್ತಿದ್ದರು, ಅಪ್ಪನ ಕಾಲಕ್ಕೆ ಕರೆಂಟಿನ ಮಿಲ್ಲು ಬಂತು. ಮಠದ ದಾಸೋಹಕ್ಕೆ ವರ್ಷವಿಡೀ ನಮ್ಮ ಮನೆಯದೇ ಎಣ್ಣೆ. ಕಡಲೆಕಾಯಿ, ಹುಚ್ಚೆಳ್ಳು, ಕೊಬ್ಬರಿ, ಹರಳು, ಯಾವುದನ್ನೇ ಆಗಲಿ ಕಣ್ಣು ಕಟ್ಟಿ ಬೆರಳಿಗೆ ಹಚ್ಚಿದರೂ ಹೆಸರು ಹೇಳುವಂತೆ ಅಪ್ಪ ನನ್ನನ್ನು ಪಳಗಿಸಿದ್ದರು. ಯಾರಾದರೂ ಎಣ್ಣೆ ತಂದು ಶುದ್ಧವೋ ಅಲ್ಲವೋ ನೋಡಿ ಎಂದರೆ, ಅಪ್ಪ ಅದನ್ನು ಒಂದು ಚೊಂಬಿನಿಂದ ಇನ್ನೊಂದು ಚೊಂಬಿಗೆ ಎತ್ತರದಿಂದ ಹೊಯ್ದು, ಮತ್ತೆ ಮತ್ತೆ ಹೊಯ್ದು, ಆಮೇಲೆ ನೊರೆಯನ್ನು ನೋಡುತ್ತಾ ಕೂರುತ್ತಿದ್ದರು. ನೊರೆ ಬೇಗ ಒಡೆದರೆ ಒಳ್ಳೆಯ ಎಣ್ಣೆ, ಹಾಗೇ ನಿಂತರೆ ಅದರಲ್ಲಿ ಇನ್ನೇನೋ ಸೇರಿದೆ. ಇದು ಅಡುಗೆಮನೆಯಲ್ಲಿ ಬಜ್ಜಿ ಕರಿಯುವ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು. ಕೊಬ್ಬರಿ ಎಣ್ಣೆಗೆ ಕಡಲೆಕಾಯಿ ಎಣ್ಣೆ ಬೆರೆಸಿ ಬಾಣಲೆ ಕಾಯಿಸಿ ನೋಡಿ, ನೊರೆ ಉಕ್ಕಿ ಒಲೆಯ ಮೇಲೆ ಬರುತ್ತದೆ.

"ನಿಂತ ಎಣ್ಣೆ ಯಾವಾಗ್ಲೂ ಸಾಧುನೇ ಕಣವ್ವ," ಎನ್ನುತ್ತಿದ್ದರು ಅಪ್ಪ. "ಕಡೆದು ಕೇಳು. ಆಗ ನಿಜ ಹೇಳ್ತದೆ."

ಈ ವಿದ್ಯೆ ಮುಂದೆ ನನ್ನ ಅನ್ನಕ್ಕೆ ದಾರಿಯಾಗುತ್ತದೆ ಎಂದು ಅಪ್ಪನಿಗೂ ಗೊತ್ತಿರಲಿಲ್ಲ. ಪ್ಯಾಸೆಂಜರ್ ಗಾಡಿಯಲ್ಲಿ ಕಡೂರಿಗೆ ಹೋಗಿ ಬಂದು ಫಿಟ್ಟರ್ ಓದಿದೆ. ಹೆಣ್ಣುಮಗಳು ಸ್ಪ್ಯಾನರ್ ಹಿಡಿಯುತ್ತಾಳಂತೆ ಎಂದು ರೈಲಿನಲ್ಲೇ ಜನ ಆಡಿಕೊಂಡರು. ಹಿಡಿದೆ. ಹಿಡಿದದ್ದು ಬಿಡಲಿಲ್ಲ. ತರೀಕೆರೆಯ ವರ್ಕ್‌ಶಾಪಿನಲ್ಲಿ ಇಲಾಖೆಯ ಜೀಪು, ಟ್ರ್ಯಾಕ್ಟರು, ನೀರೆತ್ತುವ ಪಂಪು ಎಲ್ಲವೂ ನನ್ನ ಕೈ ಮೇಲೆ ಹಾದು ಹೋದವು. ಬಡ್ತಿಗಳು ಬಂದವು, ಅದರ ಮಾತು ಬೇಡ. ಬಡ್ತಿ ಬಂದ ದಿನವೂ ಕೈಯಲ್ಲಿ ಅದೇ ಗ್ರೀಸು.

ನಮ್ಮ ಮೇಲಿನವರು ಎಂಜಿನಿಯರ್ ಶಿವಶಂಕರ್ ಸಾಹೇಬರು. ಬಿಳಿ ಶರ್ಟಿನ ಮನುಷ್ಯ, ಆದರೆ ಯಂತ್ರದ ಕೆಳಗೆ ತೂರಲು ಹಿಂದೆ ಮುಂದೆ ನೋಡುತ್ತಿರಲಿಲ್ಲ. ಭದ್ರಾ ಹಿನ್ನೀರಿಗೆ ಮೋಟಾರು ದೋಣಿಗಳು ಬಂದು, ಅವುಗಳ ರಿಪೇರಿಯೂ ನಮ್ಮ ತಲೆಗೇ ಬಿದ್ದಾಗ, ಸಾಹೇಬರು ಕಂಪನಿಯ ಪುಸ್ತಕವನ್ನು ಪುರಾಣ ಓದಿದಂತೆ ಗಟ್ಟಿಯಾಗಿ ಓದಿ ನಮಗೆಲ್ಲ ಅರ್ಥ ಹೇಳಿದರು. ಅವರದ್ದೊಂದು ಕಟ್ಟಳೆ ಇತ್ತು. ನಾನು ಪುಸ್ತಕ ನೋಡುತ್ತೇನೆ, ಗಿರಿಜಮ್ಮ ಎಣ್ಣೆ ನೋಡಲಿ, ಇಬ್ಬರ ಮಾತೂ ಒಂದೇ ಆದರೆ ಮಾತ್ರ ಯಂತ್ರಕ್ಕೆ ಹಾಕೋಣ ಎನ್ನುತ್ತಿದ್ದರು. ಗಿರಿಜಮ್ಮ ಎಂದರೆ ನಾನೇ. ಪುಸ್ತಕದಲ್ಲಿ ಬರೆದದ್ದನ್ನೇ ಡಬ್ಬಿಯಲ್ಲಿ ತುಂಬಿದ್ದಾರೆಂದು ನಂಬಬಾರದು, ಬೆರಳಿಗೆ ಚೆನ್ನಾಗಿ ಕಂಡದ್ದನ್ನೆಲ್ಲ ಪುಸ್ತಕ ಒಪ್ಪಬೇಕೆಂದೂ ಇಲ್ಲ. ಇಬ್ಬರೂ ಜಗಳವಾಡಿದ್ದೇವೆ, ಇಬ್ಬರೂ ಸೋತಿದ್ದೇವೆ, ಯಂತ್ರ ಮಾತ್ರ ಗೆದ್ದಿದೆ.

ದೋಣಿಯ ಸ್ಟೇರಿಂಗ್ ಎಂದರೆ ಏನೆಂದು ಆ ಹುಡುಗಿಗಾಗಿ ಸ್ವಲ್ಪ ಹೇಳುತ್ತೇನೆ. ಚಾಲಕ ಹಿಡಿಯುವ ಚಕ್ರದ ಹಿಂದೆ ಸಣ್ಣದೊಂದು ಪಂಪು ಇರುತ್ತದೆ. ಚಕ್ರ ತಿರುಗಿಸಿದರೆ ಅದು ಎಣ್ಣೆಯನ್ನು ಪೈಪಿನಲ್ಲಿ ಹಿಂದಕ್ಕೆ ತಳ್ಳುತ್ತದೆ. ಆ ಎಣ್ಣೆ ಹೋಗಿ ಹಿಂದಿನ ಮೋಟಾರನ್ನು ಅತ್ತ ಇತ್ತ ನೂಕುತ್ತದೆ, ದೋಣಿ ತಿರುಗುತ್ತದೆ. ನಡುವೆ ಸರಪಳಿಯಿಲ್ಲ, ಹಗ್ಗವಿಲ್ಲ. ಚಾಲಕನ ಕೈಗೂ ಮೋಟಾರಿಗೂ ಇರುವ ನಂಟು ಆ ಎಣ್ಣೆಯೊಂದೇ. ಅದು ತೆಳುವಾಗಿರಬೇಕು, ಹೆಚ್ಚು ಕಡಿಮೆ ನೀರಿನಂತೆ ಹರಿಯಬೇಕು, ಚಳಿಗೆ ಗಟ್ಟಿಯಾಗಬಾರದು, ರಬ್ಬರಿನ ಸೀಲುಗಳನ್ನು ತಿನ್ನಬಾರದು, ಎಲ್ಲಕ್ಕಿಂತ ಮುಖ್ಯವಾಗಿ ನೊರೆ ಕಟ್ಟಬಾರದು. ನೊರೆ ಎಂದರೆ ಗಾಳಿ. ಎಣ್ಣೆಯನ್ನು ಒತ್ತಿದರೆ ಅದು ಮುಂದಕ್ಕೆ ತಳ್ಳುತ್ತದೆ, ಗಾಳಿಯನ್ನು ಒತ್ತಿದರೆ ತಾನೇ ಕುಗ್ಗಿ ಕೂರುತ್ತದೆ. ಚಕ್ರ ತಿರುಗುತ್ತಲೇ ಇರುತ್ತದೆ, ದೋಣಿ ತನ್ನ ಪಾಡಿಗೆ ನೆಟ್ಟಗೆ ಹೋಗುತ್ತದೆ.

ಇದನ್ನು ಜನರಿಗೆ ಒಪ್ಪಿಸುವುದರಲ್ಲೇ ನನ್ನ ಅರ್ಧ ನೌಕರಿ ಮುಗಿಯಿತು. ನಮ್ಮ ಸ್ಟೋರಿನವನು ಟ್ರ್ಯಾಕ್ಟರಿಗೆ ತರಿಸಿದ ಹೈಡ್ರಾಲಿಕ್ ಎಣ್ಣೆಯ ಡ್ರಮ್ಮು ತೋರಿಸಿ, ಇದೂ ಹೈಡ್ರಾಲಿಕ್ಕೇ, ಇದನ್ನೇ ಹಾಕು ಎನ್ನುತ್ತಿದ್ದ. ಟ್ರ್ಯಾಕ್ಟರಿನ ಎಣ್ಣೆ ದಪ್ಪ. ಚಳಿಗಾಲದ ಬೆಳಿಗ್ಗೆ ಹಿನ್ನೀರಿನ ಮೇಲೆ ಅದನ್ನು ತುಂಬಿದ ಚಕ್ರ ತಿರುಗಿಸುವುದೆಂದರೆ ಕಲ್ಲು ಒರಳಲ್ಲಿ ಹಿಟ್ಟು ರುಬ್ಬಿದ ಹಾಗೆ. ಅವನನ್ನೇ ಒಂದು ಮುಂಜಾನೆ ದೋಣಿಗೆ ಹತ್ತಿಸಿ ಚಕ್ರ ಕೊಟ್ಟೆ. ಭುಜ ಹಿಡಿದುಕೊಂಡು ಇಳಿದವನು ಆಮೇಲೆ ಆ ಡ್ರಮ್ಮಿನ ಮಾತು ಎತ್ತಲಿಲ್ಲ.

ಇನ್ನೊಮ್ಮೆ ಜೀಪಿನ ಚಾಲಕನೊಬ್ಬ ಉಪಕಾರ ಮಾಡಲು ಹೋಗಿ ದೋಣಿಗೆ ಬ್ರೇಕ್ ಆಯಿಲ್ ಸುರಿದಿದ್ದ. ಬ್ರೇಕಿಗೂ ಒತ್ತಡ, ಇದಕ್ಕೂ ಒತ್ತಡ, ಎರಡೂ ಒಂದೇ ಎಂಬುದು ಅವನ ಲೆಕ್ಕ. ಬಿಚ್ಚಿ ನೋಡಿದರೆ ಒಳಗಿನ ಸೀಲುಗಳೆಲ್ಲ ನೆನೆಸಿದ ಅವರೆಕಾಳಿನಂತೆ ಉಬ್ಬಿ ಕೂತಿದ್ದವು, ಹಿಸುಕಿದರೆ ಸಿಪ್ಪೆ ಬರುವುದೊಂದು ಬಾಕಿ. ಅವನ್ನು ಅವನ ಅಂಗೈ ಮೇಲೆ ಇಟ್ಟು, ಹಿತಕಬೇಳೆ ಸಾರು ಮಾಡಿಕೋ ಹೋಗು ಎಂದೆ. ವರ್ಕ್‌ಶಾಪಿನಲ್ಲಿ ಅವನಿಗೆ ಹಿತಕಬೇಳೆ ಎಂಬ ಹೆಸರೇ ನಿಂತಿತು.

ಇವೆಲ್ಲ ನಕ್ಕು ಮರೆಯುವ ಮಾತು. ಮರೆಯದ್ದು ರಂಗಸ್ವಾಮಿಯ ದೋಣಿ.

ರಂಗಸ್ವಾಮಿ ಲಿಂಗದಹಳ್ಳಿಯವನು, ಹಿನ್ನೀರಿನ ದೋಣಿಯ ಚಾಲಕ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವನ ಅಪ್ಪ ಎತ್ತಿನ ಗಾಡಿ ಹೊಡೆಯುತ್ತಿದ್ದವನು, ಕುಡಿದು ಕುಡಿದೇ ಸತ್ತ. ಅಪ್ಪನ ಹೆಣದ ಮುಂದೆ ನಿಂತು ತಾಯಿ ಹನುಮಕ್ಕನಿಗೆ ಕುಡಿಯುವುದಿಲ್ಲ ಎಂದು ಭಾಷೆ ಕೊಟ್ಟಿದ್ದ ಹುಡುಗ, ಅಂದಿನಿಂದ ಹೆಂಡದ ವಾಸನೆ ಬರುವ ಬೀದಿಯಲ್ಲೂ ನಡೆಯುತ್ತಿರಲಿಲ್ಲ. ದೋಣಿಯನ್ನು ಕರುವಿನ ಹಾಗೆ ತೊಳೆಯುತ್ತಿದ್ದ. ಅಂಥ ಚಾಲಕರನ್ನು ಕಂಡರೆ ಮೆಕ್ಯಾನಿಕ್ಕಿಗೆ ಜೀವ ಬಂದ ಹಾಗೆ ಆಗುತ್ತದೆ.

ಆ ವರ್ಷ ಮಳೆಗಾಲ ಕಳೆಯುತ್ತಿದ್ದಂತೆ ಅವನ ದೋಣಿಯ ಚಕ್ರ ತಿರುಗಿಸುವಾಗ ಕಿರ್ರೆನ್ನಲು ಶುರುವಾಯಿತು. ಎಣ್ಣೆ ಕಡಿಮೆಯಾದಾಗ ಪಂಪು ಹಾಗೆ ಕೂಗುತ್ತದೆ. ರಂಗಸ್ವಾಮಿ ದೋಣಿಗಟ್ಟದ ಮೇಲ್ವಿಚಾರಕ ಸುರೇಶನಿಗೆ ಹೇಳಿದ. ನಮಗೂ ಹೇಳಿದ. ನಮ್ಮಲ್ಲಿ ಸರಿಯಾದ ಎಣ್ಣೆ ಮುಗಿದಿತ್ತು, ಮೇಲಿನಿಂದ ಬರಬೇಕಿತ್ತು. ಅದು ಬರುವವರೆಗೆ ದೋಣಿ ನೀರಿಗಿಳಿಸಬೇಡಿ ಎಂದು ಸಾಹೇಬರು ಹೇಳಿ ಕಳಿಸಿದರು. ಸುರೇಶ ಕೇಳಲಿಲ್ಲ. ಕೂಗಿದರೆ ಕೂಗಲಿ, ತಿರುಗುತ್ತೆ ತಾನೆ ಎಂದನಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಅವನಂಥವರನ್ನು ನೋಡಿಯೇ ಹುಟ್ಟಿರಬೇಕು.

ಅಷ್ಟರಲ್ಲಿ ಆಯುಧಪೂಜೆ ಬಂತು. ದೋಣಿಗಟ್ಟದಲ್ಲೂ ಪೂಜೆ. ದೋಣಿಗಳಿಗೆ ಮಾವಿನ ಸೊಪ್ಪು, ಚೆಂಡು ಹೂ, ಕುಂಬಳಕಾಯಿ ಎಲ್ಲವೂ ಆಯಿತು. ಹಬ್ಬ ಕಳೆದ ಮೇಲೆ ಮೊದಲ ದೊಡ್ಡ ಸುತ್ತು ಹಾಕಲು ರಂಗಸ್ವಾಮಿ ಹೊರಗಿನಿಂದ ಬಂದ ಅತಿಥಿಗಳನ್ನು ಕೂರಿಸಿಕೊಂಡು ಹೋದ. ಮಧ್ಯಾಹ್ನದ ಮೇಲೆ ಗಾಳಿಯೆದ್ದು ನೀರು ಕುದಿಯುತ್ತಿತ್ತು. ವಾಪಸು ಬರುವಾಗ ಗಟ್ಟದ ಹತ್ತಿರ ಚಕ್ರ ತಿರುಗಿಸಿದ, ದೋಣಿ ತಿರುಗಲಿಲ್ಲ. ಎಂಜಿನ್ ಆರಿಸುವಷ್ಟರಲ್ಲಿ ಕಲ್ಲಿನ ಮೆಟ್ಟಿಲಿಗೆ ಹೋಗಿ ಬಡಿಯಿತು. ವಯಸ್ಸಾದ ಅತಿಥಿಯೊಬ್ಬರು ಬಿದ್ದು ಮುಂಗೈ ಮುರಿದುಕೊಂಡರು.

ಎಲ್ಲರೂ ಅವರನ್ನು ಆಸ್ಪತ್ರೆಗೆ ಸೇರಿಸುವ ಗಡಿಬಿಡಿಯಲ್ಲಿದ್ದರು. ರಂಗಸ್ವಾಮಿಯನ್ನು ಯಾರೂ ಹತ್ತಿರ ಬಂದು ವಿಚಾರಿಸಲಿಲ್ಲ. ಮಾರನೆಯ ಬೆಳಿಗ್ಗೆ ಸುರೇಶ ದೋಣಿ ಹತ್ತಿ ಚಕ್ರ ಆಚೆ ಈಚೆ ತಿರುಗಿಸಿದ. ಸಲೀಸಾಗಿ ತಿರುಗಿತು, ಮೋಟಾರೂ ತಿರುಗಿತು, ಕಿರ್ ಎಂಬ ಸದ್ದೂ ಇಲ್ಲ. ಅಷ್ಟೇ ಸಾಕಾಯಿತು. ದೋಣಿ ಸರಿಯಾಗಿದೆ, ಚಾಲಕ ಕುಡಿದಿದ್ದ ಎಂದು ಮೇಲಕ್ಕೆ ಹೇಳಿಬಿಟ್ಟ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ, ಸಂಜೆಗೆಲ್ಲ ಲಕ್ಕವಳ್ಳಿಯಿಂದ ಲಿಂಗದಹಳ್ಳಿಯವರೆಗೆ ಅದೇ ಮಾತು. ಅಪ್ಪನಂತೆ ಮಗ.

ವಿಚಾರಣೆ ಶಿವಶಂಕರ್ ಸಾಹೇಬರ ಪಾಲಿಗೆ ಬಂತು. ಅವರು ನನ್ನನ್ನೂ ಕರೆದುಕೊಂಡು ಗಟ್ಟಕ್ಕೆ ಹೋದರು. ರಂಗಸ್ವಾಮಿ ದೂರದಲ್ಲಿ ಮರಕ್ಕೆ ಒರಗಿ ನಿಂತಿದ್ದ, ದೋಣಿಯ ಹತ್ತಿರ ಬರಲು ಅವನಿಗೆ ಅಪ್ಪಣೆ ಇರಲಿಲ್ಲ. ನನ್ನನ್ನು ನೋಡಿ ಒಂದೇ ಮಾತು ಹೇಳಿದ.

"ಚಕ್ರ ಕೈಲಿತ್ತು ಕಣಕ್ಕ. ಆದ್ರೆ ಕೈಗೆ ಏನೂ ಸಿಗ್ಲಿಲ್ಲ."

ನಾನು ಚಕ್ರದ ಮೇಲಿನ ಎಣ್ಣೆ ತುಂಬುವ ಮುಚ್ಚಳ ಬಿಚ್ಚಿದೆ. ಮುಚ್ಚಳದ ಹೊರಗೆ ಅರಿಶಿನ ಕುಂಕುಮ ಇತ್ತು, ಹಬ್ಬ ಆಗಷ್ಟೇ ಮುಗಿದಿದ್ದರಿಂದ ಅದರಲ್ಲಿ ವಿಶೇಷವಿಲ್ಲ. ಆದರೆ ಒಳಗಿನ ತಿರುಪಿನ ಥ್ರೆಡ್ಡಿನಲ್ಲೂ ಅರಿಶಿನ ಮೆತ್ತಿಕೊಂಡಿತ್ತು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಸಿರಿಂಜಿನಲ್ಲಿ ಸ್ವಲ್ಪ ಎಣ್ಣೆ ಮೇಲಿನಿಂದ ಎಳೆದು ಗಾಜಿನ ಶೀಶೆಗೆ ಬಿಟ್ಟೆ. ತಿಳಿಯಾದ, ತೆಳುವಾದ, ಸರಿಯಾದ ಎಣ್ಣೆ. ಕಡಿಮೆಯೂ ಇರಲಿಲ್ಲ, ತುಂಬಿತ್ತು. ಸುರೇಶ ಕೈಕಟ್ಟಿ ನಿಂತು, ಇನ್ನೇನಿದೆ ನೋಡೋಕೆ ಎಂದ.

ತುಂಬಿತ್ತು ಎನ್ನುವುದೇ ನನಗೆ ಚುಚ್ಚಿತು. ನಾವು ಎಣ್ಣೆ ಕೊಟ್ಟೇ ಇರಲಿಲ್ಲ, ಹಾಗಾದರೆ ತುಂಬಿದ್ದು ಹೇಗೆ? ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ನನಗೆ ಅಪ್ಪನ ಚೊಂಬುಗಳು ನೆನಪಾದವು. ನಿಂತ ಎಣ್ಣೆಯನ್ನು ಕೇಳಿದರೆ ಅದು ಸಾಧುವಿನ ಹಾಗೆ ತೆಪ್ಪಗೆ ಇರುತ್ತದೆ. ಗಟ್ಟಕ್ಕೆ ಕಟ್ಟಿದ ದೋಣಿಯಲ್ಲಿ ಚಕ್ರ ತಿರುಗಿಸಿ ಪರೀಕ್ಷೆ ಮಾಡುವುದೂ ಒಂದು ಪರೀಕ್ಷೆಯೇ? ಸಾಹೇಬರಿಗೆ ಹೇಳಿದೆ, ಆ ದಿನ ಹೋದಷ್ಟೇ ದೂರ, ಅದೇ ಹೊತ್ತಿನಲ್ಲಿ, ಅದೇ ಗಾಳಿಯಲ್ಲಿ ದೋಣಿ ಓಡಿಸೋಣ, ಆಮೇಲೆ ಎಣ್ಣೆ ತೆಗೆಯೋಣ ಎಂದು. ಚಕ್ರದ ಮುಂದೆ ರಂಗಸ್ವಾಮಿಯೇ ಕೂರಬೇಕು ಎಂದೂ ಹೇಳಿದೆ. ಸುರೇಶ ಹಾರಾಡಿದ. ಸಾಹೇಬರು ಲೈಫ್ ಜಾಕೆಟ್ ತೆಗೆದು ಮೊದಲು ಅವನಿಗೇ ತೊಡಿಸಿದರು.

ನಾಲ್ಕೂ ಜನ ಹೋದೆವು. ಮೊದಲು ಏನೂ ಆಗಲಿಲ್ಲ. ಸುರೇಶ ನನ್ನ ಮುಖ ನೋಡಿ ನೋಡಿ ನಗುತ್ತಿದ್ದ. ನಾನು ಅತ್ತ ತಿರುಗಿ ನೀರು ನೋಡುತ್ತಾ ಕೂತೆ. ನನ್ನ ಮಾತು ಸುಳ್ಳಾದರೆ ಆ ಹುಡುಗನ ಅನ್ನ ಮುಗಿದಂತೆ. ಗಾಳಿ ಎದ್ದಿತು, ಅಲೆ ದೋಣಿಯನ್ನು ಕುಕ್ಕತೊಡಗಿತು, ರಂಗಸ್ವಾಮಿ ಚಕ್ರವನ್ನು ಅತ್ತ ಇತ್ತ ಆಡಿಸುತ್ತಲೇ ಇರಬೇಕಾಯಿತು. ವಾಪಸು ತಿರುಗುವ ಹೊತ್ತಿಗೆ ಅವನು ಎಂಜಿನ್ ವೇಗ ಇಳಿಸಿ, ಎದ್ದು ಸುರೇಶನಿಗೆ ಚಕ್ರ ಬಿಟ್ಟುಕೊಟ್ಟ. ಸುರೇಶ ತಿರುಗಿಸಿದ. ಇನ್ನೂ ತಿರುಗಿಸಿದ. ದೋಣಿ ದಡದ ಬಂಡೆಗಳ ಕಡೆಗೇ ನೆಟ್ಟಗೆ ಹೋಗುತ್ತಿತ್ತು. ಅವನು ಚಕ್ರ ಬಿಟ್ಟು ಹಿಂದೆ ಸರಿದ. ರಂಗಸ್ವಾಮಿ ಎಂಜಿನ್ ಆರಿಸಿ, ಹುಟ್ಟು ಹಾಕಿ, ನಮ್ಮನ್ನೆಲ್ಲ ಗಟ್ಟಕ್ಕೆ ಮುಟ್ಟಿಸಿದ.

ಅಲ್ಲೇ ಮುಚ್ಚಳ ತೆಗೆದೆ. ಒಳಗೆ ಮಜ್ಜಿಗೆಯಂತೆ ಬಿಳಿಚಿಕೊಂಡ ಎಣ್ಣೆ, ಮೇಲೆಲ್ಲ ನೊರೆ. ಮೂಗಿಗೆ ಹಿಡಿದ ತಕ್ಷಣ ಗೊತ್ತಾಯಿತು, ಹರಳೆಣ್ಣೆ. ಶೀಶೆಗೆ ತುಂಬಿ ವರ್ಕ್‌ಶಾಪಿನ ಕಿಟಕಿಯಲ್ಲಿ ಇಟ್ಟೆವು. ಮಾರನೆಯ ದಿನ ಬಂದು ನೋಡಿದರೆ ಮೇಲೆ ತೆಳು ಎಣ್ಣೆ ತಿಳಿಯಾಗಿ, ಕೆಳಗೆ ಹರಳೆಣ್ಣೆ ದಪ್ಪಗೆ, ಬೇರೆ ಬೇರೆಯಾಗಿ ಕೂತಿದ್ದವು. ಯಂತ್ರದ ಎಣ್ಣೆಗೂ ಹರಳೆಣ್ಣೆಗೂ ಹೊಂದಿಕೆ ಇಲ್ಲ. ಕಡೆದರೆ ನೊರೆ ಕಟ್ಟಿ ಒಂದಾದಂತೆ ನಟಿಸುತ್ತವೆ, ಬಿಟ್ಟರೆ ಬೇರೆಯಾಗುತ್ತವೆ. ಓಡುವಾಗ ಕೆಟ್ಟದ್ದು ಬೆಳಿಗ್ಗೆ ಸರಿಯಾಗಿ ಕಂಡದ್ದು ಅದಕ್ಕೇ. ಸಾಹೇಬರು ಶೀಶೆಯನ್ನು ಬೆಳಕಿಗೆ ಹಿಡಿದು, ಪುಸ್ತಕದಲ್ಲಿ ಬೇರೆ ಎಣ್ಣೆ ಬೆರೆಸಬೇಡಿ ಎಂದು ಬರೆದ ಕಡೆ ಬೆರಳಿಟ್ಟು, ಇಬ್ಬರ ಮಾತೂ ಒಂದೇ ಆಯಿತು ಗಿರಿಜಮ್ಮ ಎಂದರು. ಅವತ್ತು ನನಗಾದ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ. ಅಜ್ಜಂಪುರದ ಗಾಣ ತರೀಕೆರೆಯಲ್ಲಿ ತಿರುಗಿದಂತಾಯಿತು.

ಹೆಮ್ಮೆ ಬಹಳ ಹೊತ್ತು ಉಳಿಯಲಿಲ್ಲ. ಕುಡಿತದ ಮಾತು ಬಿದ್ದುಹೋಯಿತು ನಿಜ, ಆದರೆ ಹರಳೆಣ್ಣೆ ಹಾಕಿದವರು ಯಾರು? ಸುರೇಶನಿಗೆ ಮತ್ತೆ ಜೀವ ಬಂತು. ಚಾಲಕನೇ ಹಾಕಿದ್ದರೆ ಅದೂ ಅವನದೇ ತಪ್ಪು ಎಂದ. ಸಾಹೇಬರು ತಮ್ಮ ಕೋಣೆಯಲ್ಲಿ ರಂಗಸ್ವಾಮಿಯನ್ನು ಕೇಳಿದರು. ಅವನು ಶೀಶೆಯನ್ನು ಕೈಗೆ ತೆಗೆದುಕೊಂಡು ಮೂಸಿದ. ಮೂಸಿದವನ ತಲೆ ತಗ್ಗಿತು. ಆಮೇಲೆ, ನಾನೇ ಹಾಕಿದೆ ಸಾರ್, ನನ್ನನ್ನು ತೆಗೆದುಬಿಡಿ ಎಂದ.

ಅದುವರೆಗೆ ಕುಡಿದಿಲ್ಲ ಕುಡಿದಿಲ್ಲ ಎಂದು ನಿಜ ಹೇಳಿದಾಗ ಯಾರೂ ನಂಬಲಿಲ್ಲ, ಈಗ ಹೇಳಿದ ಸುಳ್ಳನ್ನು ಎಲ್ಲರೂ ತಕ್ಷಣ ನಂಬಿದರು. ನಾನು ನಂಬಲಿಲ್ಲ. ಅದು ಅಂಗಡಿಯ ಹರಳೆಣ್ಣೆಯಲ್ಲ. ಹರಳು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಬಳಿದು ತೆಗೆದ ಮನೆಯ ಎಣ್ಣೆ. ಅದಕ್ಕೆ ಸುಟ್ಟ ಹೊಗೆಯ ವಾಸನೆ ಇರುತ್ತದೆ. ಅದನ್ನು ಈಗ ಕಾಯಿಸುವವರು ಹಳೆಯ ಹೆಂಗಸರು ಮಾತ್ರ. ಥ್ರೆಡ್ಡಿನೊಳಗಿನ ಅರಿಶಿನ ಆಗ ನನ್ನ ಕಣ್ಣ ಮುಂದೆ ಬಂತು. ಪೂಜೆಯ ದಿನ, ಅರಿಶಿನದ ಒದ್ದೆ ಬೆರಳಲ್ಲಿ ಯಾರೋ ಆ ಮುಚ್ಚಳ ತಿರುಗಿಸಿದ್ದರು. ಒಂದು ದಿನ ತಡೆಯಿರಿ, ಏನೂ ಬರೆಯಬೇಡಿ ಎಂದು ಸಾಹೇಬರನ್ನು ಕೇಳಿಕೊಂಡು ನಾನು ಲಿಂಗದಹಳ್ಳಿಯ ಬಸ್ಸು ಹತ್ತಿದೆ.

ಹನುಮಕ್ಕ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ನಾನು ಯಾರೆಂದು ಹೇಳಿದೆ. ಒಳಗೆ ಕರೆದು ಕೂರಿಸಿ ನೀರು ಕೊಟ್ಟಳು. ಮಗ ಮನೆಗೆ ಬಂದರೂ ಊಟ ಸೇರುತ್ತಿಲ್ಲ, ಬೀದಿಯ ಜನ ಬಾಯಿಗೆ ಬಂದಂತೆ ಆಡುತ್ತಾರೆ ಎಂದು ಹೇಳಿಕೊಂಡಳು.

"ಕುಡುಕ ಅಂದ್ಮೇಲೆ ಮುಗೀತು ಕಣಮ್ಮ. ಕುಡುಕನ ದೋಣಿಗೆ ಯಾರ್ ತಾನೆ ಮಕ್ಳನ್ನ ಹತ್ತಿಸ್ತಾರೆ? ನನ್ ಗಂಡನ ಗಾಡಿಗೂ ಹಂಗೇ ಆಗಿತ್ತು."

ಮೂಲೆಯ ಗೂಡಿನಲ್ಲಿ ಪುಟ್ಟ ಹಿತ್ತಾಳೆ ಗಿಂಡಿ ಇತ್ತು. ಅದರ ಬಾಯಲ್ಲಿ ಎಣ್ಣೆ ಜಿನುಗಿ ಒಣಗಿತ್ತು. ಹಬ್ಬದ ದಿನ ದೋಣಿಯ ಹತ್ತಿರ ಬಂದಿದ್ದೆಯಾ ಅವ್ವ ಎಂದು ಮೆಲ್ಲಗೆ ಕೇಳಿದೆ. ಅವಳು ಮುಚ್ಚಿಡಲಿಲ್ಲ, ಮುಚ್ಚಿಡಬೇಕಾದ್ದು ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ.

"ಬಂದಿದ್ದೆ. ಇವನು ಚಕ್ರ ತಿರುಗ್ಸಿ ತೋರಿಸ್ದ. ಕಿರ್ರಂತ ಅಳ್ತಿತ್ತು. ಆಯುಧಪೂಜೆ ದಿನ ಕೀಲು ಒಣಗಿರಬಾರ್ದು ಅಲ್ವೇನಮ್ಮ? ಇವರಪ್ಪ ಕುಡಿದು ಬಿದ್ದಿದ್ರೂ ಗಾಡಿ ಕೀಲಿಗೆ ನಾನೇ ಎಣ್ಣೆ ಬಿಡ್ತಿದ್ದೆ. ಇವನು ಕಾಯಿ ಒಡೆಯಕ್ಕೆ ಆಚೆ ಹೋದಾಗ ಮುಚ್ಚಳ ತೆಗ್ದು ತುಂಬ್ಸಿ ಬಂದೆ. ಅಳೋದು ನಿಂತೋಯ್ತು."

ನಮ್ಮ ಕಡೆ ಗಾಡಿ ಇದ್ದ ಮನೆಗಳಲ್ಲೆಲ್ಲ ಇದೇ ಪದ್ಧತಿ, ನಮ್ಮ ಗಾಣದ ಕಣೆಗೂ ಆ ದಿನ ನಮ್ಮಮ್ಮ ಹೊಸ ಎಣ್ಣೆ ಬಿಡದೆ ಊಟ ಮಾಡುತ್ತಿರಲಿಲ್ಲ. ಬೇರೆ ಯಾವ ಊರಿನಲ್ಲೂ ದೋಣಿಯ ಸ್ಟೇರಿಂಗಿಗೆ ಹೀಗೆ ಎಣ್ಣೆ ಬಿದ್ದಿರಲಿಕ್ಕಿಲ್ಲ. ಆದದ್ದನ್ನು ಆದಷ್ಟು ಮೆತ್ತಗೆ ಬಿಡಿಸಿ ಹೇಳಿದೆ. ಅವಳು ಹುಣಸೆಹಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ಮಗ ಅವಳ ಹೆಸರು ಹೇಳದೆ ತಲೆ ಕೊಟ್ಟಿದ್ದಾನೆಂದು ತಿಳಿದಾಗ ಗೋಡೆ ಹಿಡಿದು ನಿಂತು ಅತ್ತಳು. ಆಮೇಲೆ ನಾಳೆ ಮೊದಲನೇ ಬಸ್ಸಿಗೆ ಬರುತ್ತೇನೆ ಎಂದಳು.

ಬಂದಳು. ಸಾಹೇಬರ ಕೋಣೆಯಲ್ಲಿ ರಂಗಸ್ವಾಮಿ ಅವ್ವನನ್ನು ನೋಡಿ, ನೀನ್ಯಾಕೆ ಬಂದೆ ಎಂದು ಗದರಿದ. ಅವಳು ಅವನ ಕಡೆ ನೋಡಲೇ ಇಲ್ಲ. ಗಿಂಡಿಯನ್ನು ಸಾಹೇಬರ ಮೇಜಿನ ಮೇಲಿಟ್ಟು, ಎಣ್ಣೆ ಬಿಟ್ಟವಳು ನಾನು, ಶಿಕ್ಷೆ ನನಗೆ ಕೊಡಿ, ನನ್ನ ಮಗ ಕುಡಿಯುವುದಿಲ್ಲ ಎಂದಳು. ಸುರೇಶ ಏನೋ ಹೇಳಲು ಬಾಯಿ ತೆರೆದ. ನನಗೆ ತಡೆಯಲಾಗಲಿಲ್ಲ.

"ಸಾರ್, ಈ ಅವ್ವನ ಕಿವಿ ಸರಿ, ಎಣ್ಣೆ ತಪ್ಪು," ಎಂದೆ. "ಚಕ್ರ ಎಣ್ಣೆ ಕೇಳ್ತಿತ್ತು. ರಂಗಸ್ವಾಮಿ ಹೇಳ್ದ, ನಾವು ಹೇಳಿದ್ವಿ. ಕೇಳಿಸ್ಕೊಂಡೋರು ಇವರೊಬ್ರೇ."

ಸಾಹೇಬರು ಗಿಂಡಿಯನ್ನು ಸುರೇಶನ ಮುಂದಕ್ಕೆ ಸರಿಸಿದರು. ಅವನನ್ನು ಒಂದೇ ಪ್ರಶ್ನೆ ಕೇಳಿದರು, ನೀರಿಗಿಳಿಸಬೇಡಿ ಎಂದ ದೋಣಿಯನ್ನು ಇಳಿಸಿದ್ದು ಯಾರು ಎಂದು. ಆಮೇಲೆ ಚಾಲಕನ ತಪ್ಪಿಲ್ಲ ಎಂದು ಬರೆದು, ಅತ್ತ ಅತಿಥಿಯ ಮನೆಗೆ ತಾವೇ ಹೋಗಿ ನಡೆದದ್ದನ್ನು ಹೇಳಿ ಬಂದರು. ರಂಗಸ್ವಾಮಿ ಮತ್ತೆ ಚಕ್ರ ಹಿಡಿದ. ನಾನು ಸ್ಟೇರಿಂಗ್ ಪೂರ್ತಿ ಬಿಚ್ಚಿ, ಪೈಪುಗಳನ್ನೆಲ್ಲ ತೊಳೆದು, ಸೀಲು ಬದಲಿಸಿ, ಸರಿಯಾದ ಎಣ್ಣೆ ತುಂಬಿ, ಗಾಳಿಯ ಒಂದು ಗುಳ್ಳೆಯೂ ಉಳಿಯದಂತೆ ತೆಗೆದೆ. ಅಷ್ಟು ಚೊಕ್ಕವಾದ ಕೆಲಸ ನಾನು ಮತ್ತೆ ಮಾಡಿಲ್ಲ ಎಂದು ಈಗಲೂ ಹೇಳಿಕೊಳ್ಳುತ್ತೇನೆ.

ಆದರೆ ಜನರ ಬಾಯಿ ಸಾಹೇಬರ ಕಾಗದ ಓದುವುದಿಲ್ಲ. ಕುಡುಕನ ದೋಣಿ ಎಂಬ ಮಾತು ಒಳಗೊಳಗೇ ಓಡುತ್ತಿತ್ತು. ಬೇರೆ ದೋಣಿ ಇದ್ದರೆ ಜನ ಅದನ್ನೇ ಹತ್ತುತ್ತಿದ್ದರು. ರಂಗಸ್ವಾಮಿ ತನ್ನ ದೋಣಿ ತೊಳೆಯುತ್ತಲೇ ಇದ್ದ.

ವರ್ಷ ಕಳೆದು ಮತ್ತೆ ಆಯುಧಪೂಜೆ ಬಂತು. ಅಷ್ಟರಲ್ಲಿ ನಮ್ಮ ಪದ್ಧತಿ ಬದಲಾಗಿತ್ತು. ಹಬ್ಬದ ದಿನ ಪ್ರತಿ ಯಂತ್ರಕ್ಕೂ ಅದರದ್ದೇ ಎಣ್ಣೆಯನ್ನು ಪೂಜೆಯ ತಟ್ಟೆಯಲ್ಲಿ ಇಟ್ಟು, ಎಲ್ಲರ ಮುಂದೆ ತುಂಬಬೇಕು ಎಂದು ನಾನೇ ಹಟ ಹಿಡಿದು ಮಾಡಿಸಿದ್ದೆ. ಬೇಡ ಎಂದರೆ ಜನ ಕದ್ದು ಬಿಡುತ್ತಾರೆ; ಸರಿಯಾದದ್ದನ್ನು ಕೈಗೆ ಕೊಟ್ಟರೆ ಹಬ್ಬವೂ ಆಯಿತು, ಯಂತ್ರವೂ ಉಳಿಯಿತು. ಇದನ್ನು ಆ ಹುಡುಗಿ ನೆನಪಿಟ್ಟುಕೊಳ್ಳಲಿ.

ಹನುಮಕ್ಕನನ್ನು ಕರೆಸಿದ್ದೆವು. ತೆಳು ಎಣ್ಣೆಯ ಶೀಶೆ ಕೈಗೆ ಕೊಟ್ಟರೆ ಮುಟ್ಟಲು ಹೆದರಿದಳು. ನಾನು ಅವಳ ಕೈಯ ಮೇಲೆ ಕೈಯಿಟ್ಟು ಎಣ್ಣೆ ಬಿಡಿಸಿದೆ. ಅವಳು ಒಂದು ಹನಿ ಬೆರಳಿಗೆ ಹಚ್ಚಿ ಉಜ್ಜಿ, ಇಷ್ಟು ತೆಳ್ಳಗಿದ್ದು ಏನು ಎಳೆಯುತ್ತದೆಯೋ ಎಂದು ಅನುಮಾನದಿಂದಲೇ ಮುಚ್ಚಳ ಹಾಕಿದಳು.

ಅಷ್ಟು ಹೊತ್ತಿಗೆ ಸುರೇಶ ಬಂದ. ಜೊತೆಗೆ ಅವನ ಹೆಂಡತಿ, ಹಬ್ಬದ ಬಟ್ಟೆ ಹಾಕಿದ ಇಬ್ಬರು ಮಕ್ಕಳು. ಗಟ್ಟದಲ್ಲಿ ಇನ್ನೆರಡು ದೋಣಿಗಳು ಹೂವು ಮುಡಿದು ನಿಂತಿದ್ದವು. ಅವನು ಅವುಗಳ ಕಡೆ ನೋಡಲಿಲ್ಲ. ಚಿಕ್ಕ ಮಗಳನ್ನು ಎತ್ತಿ ರಂಗಸ್ವಾಮಿಯ ದೋಣಿಯೊಳಗೆ ಕೂರಿಸಿದ. ಮಗನನ್ನೂ ಕೂರಿಸಿದ. ಹೆಂಡತಿಗೆ ಕೈ ಕೊಟ್ಟು ಹತ್ತಿಸಿದ. ತಾನು ಮಾತ್ರ ಗಟ್ಟದ ಮೇಲೆ, ಎಲ್ಲರಿಗೂ ಕಾಣುವಂತೆ ನಿಂತ.

"ರಂಗಸ್ವಾಮಿ," ಎಂದ. "ಮಕ್ಳನ್ನ ಒಂದ್ ಸುತ್ತು ಹಾಕಿಸ್ಕೊಂಡು ಬಾರಪ್ಪ."

ರಂಗಸ್ವಾಮಿ ಒಂದು ಕ್ಷಣ ಅವ್ವನ ಕಡೆ ನೋಡಿದ. ಆಮೇಲೆ ಚಕ್ರ ತಿರುಗಿಸಿದ. ದೋಣಿ ಮೆಲ್ಲಗೆ ಮಗ್ಗುಲಾಗಿ, ಗಟ್ಟ ಬಿಟ್ಟು, ಹಿನ್ನೀರಿನ ಅಗಲಕ್ಕೆ ಹೋಯಿತು. ಹನುಮಕ್ಕ ಸೆರಗು ಬಾಯಿಗೆ ಒತ್ತಿಕೊಂಡು, ಕಿವಿಯನ್ನು ಅತ್ತಲೇ ಕೊಟ್ಟು ನಿಂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈ ಹಿಡಿದಳು.

"ಚಕ್ರದ ಸದ್ದು ಏನಾದ್ರೂ ಕೇಳಿಸ್ತೇನಮ್ಮ?"

"ಏನೂ ಇಲ್ಲ ಕಣವ್ವ."

"ನಂಗೂ ಇಲ್ಲ," ಎಂದಳು.